ಊರಿನ ತೋಟದಲ್ಲಿ ಪಾಲಿದೆ ಎಂದು ಕೌನ್ಸಿಲ್ 15,600 ಪೌಂಡ್ ವಾಪಸ್ ಕೇಳುತ್ತಿದೆ, ಕಟ್ಟಲೇಬೇಕೇ?

ಪ್ರಶ್ನೆ: ನನಗೆ 70 ವರ್ಷ, ಬ್ರಿಟಿಷ್ ಪಾಸ್‌ಪೋರ್ಟ್ ಇದೆ. ಯಜಮಾನರು ಹೋದ ಮೇಲೆ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆಯ ಊರೊಂದರಲ್ಲಿ ಹೌಸಿಂಗ್ ಅಸೋಸಿಯೇಷನ್‌ನ ಬಾಡಿಗೆ ಫ್ಲಾಟಿನಲ್ಲಿ ಒಬ್ಬಳೇ ಇದ್ದೇನೆ. ಸ್ಟೇಟ್ ಪೆನ್ಷನ್ ಬರುತ್ತದೆ, ಹಿಂದೆ ಕೆಲಸ ಮಾಡಿದ ಕಡೆಯಿಂದ ಸಣ್ಣದೊಂದು ಪಿಂಚಣಿಯೂ ಇದೆ. ಕಡಿಮೆ ಆದಾಯದ ಹಿರಿಯರಿಗೆ ಸರ್ಕಾರ ಕೊಡುವ ಪೆನ್ಷನ್ ಕ್ರೆಡಿಟ್ ಇಲ್ಲ. ಬಾಡಿಗೆಗೆಂದು ಕೌನ್ಸಿಲ್ ವಾರಕ್ಕೆ 100 ಪೌಂಡ್ ಹೌಸಿಂಗ್ ಬೆನಿಫಿಟ್ ಕೊಡುತ್ತಿತ್ತು. ಈಗ ಪತ್ರ ಬಂದಿದೆ: ನಿಮಗೆ 56,200 ಪೌಂಡಿನ ಆಸ್ತಿ ಇದೆ, ಮೂರು ವರ್ಷ ಕೊಟ್ಟದ್ದೆಲ್ಲ ಓವರ್‌ಪೇಮೆಂಟ್, 15,600 ಪೌಂಡ್ ವಾಪಸ್ ಕಟ್ಟಿ ಎಂದು. ಅವರ ಲೆಕ್ಕದಲ್ಲಿ ತೀರ್ಥಹಳ್ಳಿ ಹತ್ತಿರದ ತವರುಮನೆಯಲ್ಲಿ ನನ್ನ ಮೂರನೇ ಒಂದು ಪಾಲಿಗೆ 30,000, ಒಂದು ಎಕರೆ ಹತ್ತು ಗುಂಟೆ ಅಡಿಕೆ ತೋಟದ ಪಾಲಿಗೆ 11,000, ಊರಿನ ಬ್ಯಾಂಕಿನಲ್ಲಿರುವ ಎಫ್‌ಡಿಗೆ 11,400, ಇಲ್ಲಿನ ಉಳಿತಾಯಕ್ಕೆ 3,800. ಅಪ್ಪ ವಿಲ್ ಮಾಡದೆ 2018ರಲ್ಲಿ ತೀರಿಕೊಂಡರು, ವಿಭಾಗ ಆಗಿಲ್ಲ. ಮನೆಯಲ್ಲಿ 71 ವರ್ಷದ ಅಣ್ಣ, ಅತ್ತಿಗೆ ಇದ್ದಾರೆ, ತಮ್ಮ ಬೆಂಗಳೂರಿನಲ್ಲಿ. ಪಹಣಿಯಲ್ಲಿ ನನ್ನ ಹೆಸರಿದೆ, ಅಷ್ಟೇ. ಮದುವೆಯಲ್ಲೇ ನನಗೆ ಕೊಡುವುದನ್ನು ಕೊಟ್ಟಾಗಿದೆ. ಅರ್ಜಿ ಹಾಕುವಾಗ ‘ಭಾರತದಲ್ಲಿ ಒಟ್ಟು ಕುಟುಂಬದ ಮನೆ, ತೋಟ ಇದೆ’ ಎಂದು ಬರೆದಿದ್ದೆ. ಎಫ್‌ಡಿ ವಿಷಯ ಬರೆದಿರಲಿಲ್ಲ, ಅದು ತಂಗಿಯ (ಚಿಕ್ಕಮ್ಮನ ಮಗಳು) ಮಗಳ ಮದುವೆಗೆಂದು ಎತ್ತಿಟ್ಟದ್ದು. ದೇವಸ್ಥಾನದಲ್ಲಿ ಒಬ್ಬರು ‘ಉತ್ತರವನ್ನೇ ಕೊಡಬೇಡಿ, ಇಂಡಿಯಾದ ಆಸ್ತಿ ಅವರಿಗೆ ಸಂಬಂಧ ಇಲ್ಲ’ ಅಂದರು. ಇನ್ನೊಬ್ಬರು ಅಣ್ಣನ ಹೆಸರಿಗೆ ಬರೆದುಕೊಟ್ಟುಬಿಡಿ ಅಂದರು. ಪತ್ರ ಬಂದು ಮೂರು ವಾರವಾಯಿತು. ಪಾಸ್‌ಪೋರ್ಟ್‌ಗೆ ಏನಾದರೂ ತೊಂದರೆ ಆಗುತ್ತದಾ? ನಿದ್ದೆ ಬರುತ್ತಿಲ್ಲ.

ಉತ್ತರ: ಅಮ್ಮಾ, ಪಾಸ್‌ಪೋರ್ಟ್ ಚಿಂತೆ ಬಿಡಿ. ಇದು ಸಾಲದ ವಿಚಾರ, ಪೌರತ್ವದ್ದಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ಗಾಬರಿಗೊಳಿಸಿದ್ದು ‘ಮೂರು ವಾರವಾಯಿತು’ ಎಂಬ ಮಾತು. ಕೌನ್ಸಿಲ್ ನಿರ್ಧಾರದ ವಿರುದ್ಧ ಅಪೀಲು ಹಾಕಲು ಇರುವುದು ಒಂದು ತಿಂಗಳು. ಅದು ಪತ್ರ ನಿಮ್ಮ ಕೈಗೆ ಬಂದ ದಿನದಿಂದ ಅಲ್ಲ, ಅವರು ಕಳಿಸಿದ ದಿನದಿಂದ. ತಡವಾದರೆ ಕಾರಣ ಕೊಟ್ಟು ಕೇಳಿಕೊಳ್ಳಬಹುದು, ಒಟ್ಟು 13 ತಿಂಗಳ ತನಕ ಒಪ್ಪುವ ಅಧಿಕಾರ ಇದೆ, ಆದರೆ ಒಪ್ಪಲೇಬೇಕೆಂದಿಲ್ಲ. ಇದನ್ನು ಓದಿ ಮುಗಿಸುವ ಮೊದಲು ಆ ಪತ್ರದ ಮೇಲಿನ ತಾರೀಖು ನೋಡಿಬಿಡಿ.

ಕಾಗದಪತ್ರ ಎಲ್ಲ ಸೇರಿಸಿಕೊಂಡು ಬರೆಯೋಣ ಎಂದು ಕಾಯಬೇಡಿ. ಊರಿನಿಂದ ಪಹಣಿ, ಮೌಲ್ಯಮಾಪನ ಎಲ್ಲ ಬರುವುದರೊಳಗೆ ತಿಂಗಳು ಕಳೆದುಹೋಗುತ್ತದೆ. ಈಗ ಒಂದು ಪುಟ ಸಾಕು. ನಿಮ್ಮ ಹೆಸರು, ವಿಳಾಸ, ರೆಫರೆನ್ಸ್ ನಂಬರ್, ಯಾವ ತಾರೀಖಿನ ನಿರ್ಧಾರ ಎಂಬುದು, ಏಕೆ ಒಪ್ಪುವುದಿಲ್ಲ ಎಂಬುದಕ್ಕೆ ನಾಲ್ಕು ಸಾಲು, ಕೆಳಗೆ ಸಹಿ. ಪುರಾವೆ ಹಿಂದಿನಿಂದ ಕಳಿಸುತ್ತೇನೆ ಎಂದು ಸೇರಿಸಿ. ‘ಇದನ್ನು ಮೊದಲು ಮರುಪರಿಶೀಲಿಸಿ, ಬದಲಾಯಿಸದಿದ್ದರೆ ಇದನ್ನೇ ಅಪೀಲೆಂದು ಪರಿಗಣಿಸಿ ಟ್ರಿಬ್ಯೂನಲ್‌ಗೆ ಕಳಿಸಿ’ ಎಂಬ ವಾಕ್ಯ ಇರಲೇಬೇಕು. ಟ್ರಿಬ್ಯೂನಲ್ ಎಂದರೆ ಕೌನ್ಸಿಲ್‌ಗೆ ಸೇರದ, ಇಂಥ ಅಪೀಲು ಕೇಳುವ ನ್ಯಾಯಮಂಡಳಿ. ಪೆನ್ಷನ್ ಕ್ರೆಡಿಟ್, ಯೂನಿವರ್ಸಲ್ ಕ್ರೆಡಿಟ್‌ನಂಥ ಕೇಂದ್ರ ಸರ್ಕಾರದ ಬೆನಿಫಿಟ್‌ಗಳಲ್ಲಿ ಮೊದಲು ಇಲಾಖೆಯಿಂದಲೇ ಕಡ್ಡಾಯ ಮರುಪರಿಶೀಲನೆ ಆಗಿ, ಆಮೇಲೆ ನಾವೇ ಟ್ರಿಬ್ಯೂನಲ್‌ಗೆ ಹೋಗಬೇಕು. ಹೌಸಿಂಗ್ ಬೆನಿಫಿಟ್‌ನಲ್ಲಿ ಹಾಗಲ್ಲ. ಅಪೀಲನ್ನು ಕೌನ್ಸಿಲ್‌ಗೇ ಕೊಡಬೇಕು, ಅವರೇ ಅದನ್ನು ಮುಂದಕ್ಕೆ ದಾಟಿಸಬೇಕು. ಇದು ಗೊತ್ತಿಲ್ಲದೆ ನೇರ ಟ್ರಿಬ್ಯೂನಲ್‌ಗೆ ಬರೆದು ದಿನ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಇನ್ನೊಂದು ಸೂಕ್ಷ್ಮ ಇದೆ. ಒಂದೇ ಪತ್ರದಂತೆ ಕಂಡರೂ ಅದರೊಳಗೆ ಎರಡು ನಿರ್ಧಾರ ಇರುತ್ತವೆ. ಒಂದು, ನಿಮ್ಮ ಆಸ್ತಿ ಇಷ್ಟು, ಆದ್ದರಿಂದ ಇಂಥ ದಿನದಿಂದ ನಿಮಗೆ ಬೆನಿಫಿಟ್ ಇಲ್ಲ ಎಂಬುದು. ಎರಡು, ಹಾಗಾಗಿ ಇಷ್ಟು ಹಣ ಹೆಚ್ಚು ಕೊಟ್ಟಂತಾಯಿತು, ಅದನ್ನು ನಿಮ್ಮಿಂದ ವಸೂಲು ಮಾಡಬಹುದು ಎಂಬುದು. ಜನ ಸಾಮಾನ್ಯವಾಗಿ ಎರಡನೆಯದಕ್ಕಷ್ಟೇ ತಕರಾರು ಎತ್ತುತ್ತಾರೆ. ಆಗ ‘ಆಸ್ತಿ ಬೆಲೆಯನ್ನು ನೀವು ಪ್ರಶ್ನಿಸಲೇ ಇಲ್ಲವಲ್ಲ’ ಎಂಬ ಮಾತು ಬರುತ್ತದೆ. ನಿಮ್ಮ ಜಗಳದ ಜೀವ ಇರುವುದೇ ಮೊದಲನೆಯದರಲ್ಲಿ. ಎರಡನ್ನೂ ಒಪ್ಪುವುದಿಲ್ಲ ಎಂದು ಬಿಡಿಸಿ ಬರೆಯಿರಿ.

ಈಗ ದೇವಸ್ಥಾನದ ಸಲಹೆಗಳಿಗೆ ಬರೋಣ. ಇಂಡಿಯಾದ ಆಸ್ತಿ ಅವರಿಗೆ ಸಂಬಂಧ ಇಲ್ಲ ಎಂಬುದು ಶುದ್ಧ ಸುಳ್ಳು. ಹೌಸಿಂಗ್ ಬೆನಿಫಿಟ್ ನಿಯಮಗಳಲ್ಲಿ ಬ್ರಿಟನ್ನಿನ ಹೊರಗಿರುವ ಆಸ್ತಿಗೆಂದೇ ಒಂದು ಕಲಮಿದೆ. ಆ ದೇಶದಿಂದ ಇಲ್ಲಿಗೆ ಹಣ ತರಲು ನಿಷೇಧ ಇಲ್ಲದಿದ್ದರೆ ಅಲ್ಲಿನ ಮಾರುಕಟ್ಟೆ ಬೆಲೆಯನ್ನೇ ಹಿಡಿಯಬೇಕು ಎನ್ನುತ್ತದೆ ಅದು. ಭಾರತದಿಂದ ಎನ್‌ಆರ್‌ಒ ಖಾತೆಯ (ಅನಿವಾಸಿಗಳು ಅಲ್ಲಿ ಇಡುವ ಬ್ಯಾಂಕ್ ಖಾತೆ) ಮೂಲಕ ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್ ತನಕ ತರಬಹುದು. ನಿಷೇಧ ಇದೆ ಎಂಬ ವಾದ ನಿಲ್ಲುವುದಿಲ್ಲ. ಅವರಿಗೆ ತಿಳಿಯುವುದೇ ಇಲ್ಲ ಎನ್ನುವವರಿಗೂ ಒಂದು ಮಾತು: ತೆರಿಗೆ ಕಾರಣಕ್ಕೆ ಎರಡೂ ದೇಶಗಳು ಪರಸ್ಪರರ ನಿವಾಸಿಗಳ ಬ್ಯಾಂಕ್ ಖಾತೆ ಮಾಹಿತಿಯನ್ನು 2017ರಿಂದ ಹಂಚಿಕೊಳ್ಳುತ್ತಿವೆ.

‘ಪಹಣಿಯಲ್ಲಿ ಹೆಸರಿದೆ ಅಷ್ಟೇ’ ಎಂದಿದ್ದೀರಿ. ಅದನ್ನು ಕೌನ್ಸಿಲ್ ಮುಂದೆ ಹೇಳಬೇಡಿ, ನಿಲ್ಲುವುದಿಲ್ಲ. ಅಪ್ಪ ವಿಲ್ ಮಾಡದೆ ಹೋಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯಿದೆ ಪ್ರಕಾರ ಮಗಳಿಗೆ ಮಗನಷ್ಟೇ ಪಾಲು. ಅಪ್ಪನ ಸ್ವಂತ ಸಂಪಾದನೆಯಲ್ಲಿ ಇದು 1956ರಿಂದಲೇ ಇದೆ, ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಬಂದದ್ದು 2005ರ ತಿದ್ದುಪಡಿಯಿಂದ. ಮದುವೆ ಖರ್ಚು, ಬಂಗಾರ, ಉಡಿ ತುಂಬಿದ್ದು ಇವು ಯಾವುದೂ ಹಕ್ಕು ಬಿಟ್ಟುಕೊಟ್ಟ ಹಾಗಲ್ಲ. ಪಾಲು ನಿಮ್ಮದು ಹೌದು. ಪ್ರಶ್ನೆ ಇರುವುದು ಆ ಪಾಲಿಗೆ ಬೆಲೆ ಎಷ್ಟು ಎಂಬಲ್ಲಿ. ಕೌನ್ಸಿಲ್ ಎಡವಿರುವುದೂ ಅಲ್ಲೇ.

ಮೊದಲು ಮನೆ. ಇದು ಪೂರ್ತಿ ಲೆಕ್ಕದಿಂದ ಹೊರಗೆ ಹೋಗಬೇಕು. ಪೆನ್ಷನ್ ಕ್ರೆಡಿಟ್ ವಯಸ್ಸು ದಾಟಿದ, ಇಲ್ಲವೇ ಅಶಕ್ತರಾದ ಸಂಬಂಧಿಕರು ತಮ್ಮ ಮನೆಯಾಗಿ ವಾಸಿಸುತ್ತಿರುವ ಕಟ್ಟಡದ ಬೆಲೆಯನ್ನು ಅರ್ಜಿದಾರರ ಆಸ್ತಿಗೆ ಸೇರಿಸಬಾರದು ಎಂದು ನಿಯಮದ ಅನುಬಂಧದಲ್ಲಿದೆ. ಒಡಹುಟ್ಟಿದ ಅಣ್ಣ ಈ ‘ಸಂಬಂಧಿಕ’ರ ಪಟ್ಟಿಯಲ್ಲಿ ಬರುತ್ತಾರೆ. ಅವರಿಗೀಗ 71, ಅಂದರೆ ಮೂರು ವರ್ಷದ ಹಿಂದೆಯೂ ಆ ವಯಸ್ಸು, ಆಗಿನ 66, ದಾಟಿತ್ತು. ಕೌನ್ಸಿಲ್ ಇದನ್ನು ಕೇಳಿಯೇ ಇಲ್ಲ ಎಂದು ಕಾಣುತ್ತದೆ. ನೀವೂ ಹೇಳಿರಲಿಕ್ಕಿಲ್ಲ, ಯಾರಿಗೆ ಹೊಳೆಯುತ್ತದೆ? ಅಣ್ಣನ ಆಧಾರ್, ರೇಷನ್ ಕಾರ್ಡ್, ಅವರ ಹೆಸರಿನ ಕರೆಂಟ್ ಬಿಲ್ಲು, ಹುಟ್ಟಿದ ತಾರೀಖಿನ ದಾಖಲೆ, ‘ನಾನು ಇಷ್ಟು ವರ್ಷದಿಂದ ಇಲ್ಲೇ ಇದ್ದೇನೆ’ ಎಂದು ಅವರದೊಂದು ಸಹಿ ಮಾಡಿದ ಪತ್ರ, ನೀವಿಬ್ಬರೂ ಒಡಹುಟ್ಟಿದವರು ಎಂಬುದಕ್ಕೆ ವಂಶವೃಕ್ಷ. ಇಷ್ಟಾದರೆ 30,000 ಪೌಂಡ್ ಅಳಿಸಿಹೋಗುತ್ತದೆ.

ತೋಟ ಅಷ್ಟು ಸಲೀಸಲ್ಲ. ಅದು ಯಾರೂ ವಾಸಿಸುವ ಜಾಗವಲ್ಲ, ಲೆಕ್ಕಕ್ಕೆ ಬರುತ್ತದೆ. ಆದರೆ ಕೌನ್ಸಿಲ್ ಏನು ಮಾಡಿರುತ್ತದೆ ಗೊತ್ತೇ? ಅಂತರ್ಜಾಲದಲ್ಲಿ ಅಡಿಕೆ ತೋಟ ಎಕರೆಗೆ ಎಷ್ಟು ಎಂದು ಹುಡುಕಿ, ಒಂದೂಕಾಲು ಎಕರೆಗೆ ಗುಣಿಸಿ, ಮೂರರಿಂದ ಭಾಗಿಸಿರುತ್ತದೆ. ಇಂಥ ಲೆಕ್ಕವನ್ನು ಇಂಗ್ಲೆಂಡಿನ ಕೋರ್ಟ್ ಆಫ್ ಅಪೀಲ್ 1995ರಲ್ಲೇ ತಳ್ಳಿಹಾಕಿದೆ. ಪಾಲ್‌ಫ್ರಿ ಎಂದು ಹೆಸರಾದ ಆ ತೀರ್ಪಿನ ಸಾರ ಇಷ್ಟು: ಜಂಟಿ ಆಸ್ತಿಯ ಪಾಲಿನ ಬೆಲೆ ಎಂದರೆ ಇಡೀ ಆಸ್ತಿಯ ಬೆಲೆಯ ಭಾಗವಲ್ಲ, ಆ ಪಾಲನ್ನು ಮಾತ್ರ ಮಾರಲು ಹೊರಟರೆ ಮಾರುಕಟ್ಟೆಯಲ್ಲಿ ಕೊಳ್ಳುವವನು ಕೊಡುವ ಬೆಲೆ. ಉಳಿದ ಪಾಲುದಾರರಿಗೆ ಮಾರಲು ಇಷ್ಟವಿಲ್ಲದಿದ್ದರೆ ಆ ಬೆಲೆ ತೀರಾ ಕೆಳಗಿಳಿಯಬಹುದು.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂವರ ಹೆಸರು ಜಂಟಿಯಾಗಿರುವ ಪಹಣಿ, ಪೋಡಿ (ಅಳೆದು ಪಾಲು ಬೇರ್ಪಡಿಸುವುದು) ಆಗಿಲ್ಲ, ಅಣ್ಣ ತೋಟ ನೋಡಿಕೊಳ್ಳುತ್ತಿದ್ದಾನೆ, ಮಾರುವ ಮಾತೇ ಇಲ್ಲ. ಇದರಲ್ಲಿ ಹದಿನಾರು ಚಿಲ್ಲರೆ ಗುಂಟೆಯನ್ನು ಹೊರಗಿನವರು ಯಾರು ಬಂದು ಕೊಳ್ಳುತ್ತಾರೆ? ಸರ್ವೆ ನಂಬರಿನ ಒಂದು ಭಾಗ ಮಾರಬೇಕಾದರೆ 11-ಇ ನಕ್ಷೆ (ಮಾರುವ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಬೇಕು, ಅದಕ್ಕೆ ಉಳಿದವರು ಸಹಕರಿಸಬೇಕು. ಸಹಕರಿಸದಿದ್ದರೆ ಕೊಂಡವನು ವಿಭಾಗದ ದಾವೆ ಹೂಡಿ ಕೋರ್ಟು ಅಲೆಯಬೇಕು. ಇದರ ಮೇಲೆ ಉತ್ತರಾಧಿಕಾರ ಕಾಯಿದೆಯ 22ನೇ ಕಲಂ ಇದೆ: ಒಬ್ಬ ವಾರಸುದಾರ ಪಾಲು ಮಾರಲು ಹೊರಟರೆ ಉಳಿದವರಿಗೆ ಮೊದಲು ಕೊಳ್ಳುವ ಹಕ್ಕು. ಕೃಷಿ ಭೂಮಿಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ನೀವು ಬ್ರಿಟಿಷ್ ಪ್ರಜೆಯಾದ್ದರಿಂದ ಕೃಷಿ ಭೂಮಿಯನ್ನು ಭಾರತದಲ್ಲೇ ನೆಲೆಸಿರುವ ಭಾರತೀಯ ಪ್ರಜೆಗಷ್ಟೇ ಮಾರಬಹುದು, ಕೊಳ್ಳುವವರ ಸಂಖ್ಯೆ ಅಲ್ಲೂ ಕಿರಿದಾಯಿತು. ಎಲೆಚುಕ್ಕಿ ರೋಗ ನಿಮ್ಮ ತೋಟಕ್ಕೂ ಬಂದಿದ್ದರೆ ಅದೂ ಬೆಲೆಗೆ ಸಂಬಂಧಿಸಿದ್ದೇ.

ಹಾಗಾಗಿ ಶಿವಮೊಗ್ಗದ ಕಡೆ ಒಬ್ಬ ನೋಂದಾಯಿತ ಮೌಲ್ಯಮಾಪಕರನ್ನು ಹಿಡಿಯಿರಿ. ಅವರಿಗೆ ಕೇಳುವ ಪ್ರಶ್ನೆ ಸರಿಯಾಗಿರಬೇಕು. ‘ನಮ್ಮ ತೋಟದ ಬೆಲೆ ಎಷ್ಟು’ ಎಂದರೆ ಅವರು ಮಾರ್ಗಸೂಚಿ ದರ ನೋಡಿ ಇಡೀ ತೋಟದ ಬೆಲೆ ಬರೆದು ಕೊಡುತ್ತಾರೆ, ಅದು ಕೌನ್ಸಿಲ್‌ನ ಕೈಯನ್ನೇ ಬಲಪಡಿಸುತ್ತದೆ. ‘ವಿಭಾಗವಾಗದ, ಪೋಡಿಯಾಗದ, ಉಳಿದಿಬ್ಬರು ಮಾರಲು ಒಪ್ಪದ ಈ ಮೂರನೇ ಒಂದು ಪಾಲನ್ನು ಹೊರಗಿನವನೊಬ್ಬ ಇಂಥ ವರ್ಷದಲ್ಲಿ ಎಷ್ಟಕ್ಕೆ ಕೊಳ್ಳುತ್ತಿದ್ದ, ಏಕೆ’ ಎಂಬುದೇ ಪ್ರಶ್ನೆ. ಮೂರು ವರ್ಷ ಹಿಂದಿನ ಬೆಲೆ ಬೇಕು, ಇವತ್ತಿನದಲ್ಲ. ಮಾರಾಟಕ್ಕೆ ಖರ್ಚಾಗುತ್ತದೆ ಎಂದಾದರೆ ಬಂದ ಬೆಲೆಯಲ್ಲಿ 10 ಶೇಕಡ ಕಳೆಯಲು ನಿಯಮ ಹೇಳುತ್ತದೆ, ತೋಟದ ಮೇಲೆ ಸೊಸೈಟಿ ಸಾಲ ಇದ್ದರೆ ಅದನ್ನೂ ಕಳೆಯಬೇಕು. ಋಣಭಾರ ಪತ್ರ ತರಿಸಿಕೊಳ್ಳಿ. ಅಣ್ಣ, ತಮ್ಮ ಇಬ್ಬರಿಂದಲೂ ‘ನಾವು ಮಾರುವುದಿಲ್ಲ’ ಎಂದು ಬರೆಸಿಕೊಳ್ಳಿ, ಅದು ನಿಜವಾಗಿದ್ದರೆ ಮಾತ್ರ. ಕನ್ನಡದ ದಾಖಲೆಗಳನ್ನು ಮನೆಯವರು ಅನುವಾದಿಸಿದರೆ ಅನುಮಾನ ಬರುತ್ತದೆ, ವೃತ್ತಿಯವರಿಂದ ಮಾಡಿಸಿ.

ಇನ್ನು ಎಫ್‌ಡಿ. ಇಲ್ಲಿ ನಾನು ನಿಮ್ಮ ಪರವಾಗಿ ಹೇಳುವುದು ಹೆಚ್ಚಿಲ್ಲ. ತಂಗಿಯ ಮಗಳ ಮದುವೆಗೆ ಎಂದು ಮನಸ್ಸಿನಲ್ಲಿ ಎತ್ತಿಟ್ಟರೂ ಹಣ ನಿಮ್ಮದೇ, ಹೇಳಬೇಕಿತ್ತು. ತಂಗಿಯೇ ಕೊಟ್ಟು ನಿಮ್ಮ ಹೆಸರಿನಲ್ಲಿ ಇಡಿಸಿದ್ದಾಗಿದ್ದರೆ, ಅಂದರೆ ಅವರ ಖಾತೆಯಿಂದ ಬಂದ ದಾಖಲೆ ಇದ್ದರೆ, ಅದು ಬೇರೆ ಮಾತು. ನೀವು ಹಾಗೆ ಬರೆದಿಲ್ಲ. ಒಪ್ಪಿಕೊಂಡುಬಿಡಿ. ಟ್ರಿಬ್ಯೂನಲ್‌ನಲ್ಲಿ ಒಂದು ತಪ್ಪನ್ನು ನೇರ ಒಪ್ಪಿಕೊಂಡವರ ಉಳಿದ ಮಾತಿಗೆ ತೂಕ ಬರುತ್ತದೆ.

ಹಾಗೆ ಒಪ್ಪಿಕೊಂಡರೆ 15,600 ಪೂರ್ತಿ ಕಟ್ಟಬೇಕೇ? ಇಲ್ಲ. ಕೌನ್ಸಿಲ್‌ನವರೇ ಮರೆಯುವ, ಸಲಹೆಗಾರರಲ್ಲೂ ಕೆಲವರಿಗಷ್ಟೇ ನೆನಪಿರುವ ಒಂದು ನಿಯಮ ಇಲ್ಲಿ ಬರುತ್ತದೆ. ಆಸ್ತಿಯ ಲೆಕ್ಕ ತಪ್ಪಿದ್ದರಿಂದ ಓವರ್‌ಪೇಮೆಂಟ್ ಆಗಿ, ಅದು 13 ವಾರಕ್ಕಿಂತ ಹೆಚ್ಚು ಕಾಲ ನಡೆದಿದ್ದರೆ, ಪ್ರತಿ 13 ವಾರದ ಕೊನೆಗೆ ಅಷ್ಟರಲ್ಲಿ ಹೆಚ್ಚು ಕೊಟ್ಟ ಹಣವನ್ನು ನಿಮ್ಮ ಆಸ್ತಿಯಿಂದ ಕಳೆಯಬೇಕು. ಬೆನಿಫಿಟ್ ಬರದೇ ಇದ್ದಿದ್ದರೆ ನೀವು ಆ ಉಳಿತಾಯವನ್ನೇ ಮುರಿದು ಬಾಡಿಗೆ ಕಟ್ಟುತ್ತಿದ್ದಿರಿ, ಅದು ಕರಗುತ್ತಿತ್ತು ಎಂಬುದು ಇದರ ಹಿಂದಿನ ತರ್ಕ.

ಲೆಕ್ಕ ಹಾಕಿ ನೋಡೋಣ. ಮನೆ ಹೊರಗೆ ಹೋಯಿತು. ತೋಟದ ಪಾಲಿಗೆ ಮೌಲ್ಯಮಾಪಕರು 4,000 ಪೌಂಡ್ ಎಂದರು ಅಂದುಕೊಳ್ಳಿ. ಎಫ್‌ಡಿ 11,400, ಉಳಿತಾಯ 3,800. ಒಟ್ಟು 19,200. ಆಸ್ತಿ ಇದಕ್ಕಿಂತ ಹೆಚ್ಚಿದ್ದರೆ ಹೌಸಿಂಗ್ ಬೆನಿಫಿಟ್ ಇಲ್ಲ ಎನ್ನುವ ಮಿತಿ 16,000. ಮೊದಲ 13 ವಾರ ಬೆನಿಫಿಟ್ ಸಿಗುತ್ತಿರಲಿಲ್ಲ, ಆಗ ಕೊಟ್ಟ 1,300 ಪೌಂಡೂ ಓವರ್‌ಪೇಮೆಂಟ್. ಅದನ್ನು ಕಳೆದರೆ ಆಸ್ತಿ 17,900. ಮುಂದಿನ 13 ವಾರಕ್ಕೆ 16,600. ಅದರ ಮುಂದಿನದಕ್ಕೆ 15,300. ಈಗ ಮಿತಿಯ ಒಳಗೆ ಬಂದಿರಿ. ಇಲ್ಲಿಂದ ಮುಂದೆ ನಿಮಗೆ ಬೆನಿಫಿಟ್ ಇದೆ, ಸ್ವಲ್ಪ ಕಡಿಮೆ ಅಷ್ಟೇ. ಪಿಂಚಣಿ ವಯಸ್ಸಿನವರಿಗೆ 10,000ದ ಮೇಲಿನ ಪ್ರತಿ 500ಕ್ಕೆ, ಅದರ ಚೂರಿಗೂ ಸೇರಿ, ವಾರಕ್ಕೆ 1 ಪೌಂಡ್ ಆದಾಯ ಇದೆ ಎಂದು ಹಿಡಿಯುತ್ತಾರೆ. 5,300ಕ್ಕೆ 11 ಪೌಂಡ್. ಹೆಚ್ಚಿನ ಆದಾಯದಲ್ಲಿ 65 ಶೇಕಡ ಬೆನಿಫಿಟ್‌ನಿಂದ ಕಡಿತ, ಅಂದರೆ ವಾರಕ್ಕೆ 7 ಪೌಂಡ್ 15 ಪೆನ್ಸ್. ಮೊದಲ ಒಂಬತ್ತು ತಿಂಗಳಿಗೆ 3,900, ಉಳಿದ 117 ವಾರಕ್ಕೆ ಸುಮಾರು 800. ಒಟ್ಟು 4,750ರ ಒಳಗೆ. ಅವರು ಕೇಳುತ್ತಿರುವುದು 15,600!

ತೋಟದ ಪಾಲು 800 ಪೌಂಡಿಗಿಂತ ಹೆಚ್ಚು ಬಾಳುವುದಿಲ್ಲ ಎಂದಾದರೆ ನೀವು 16,000 ದಾಟಿಯೇ ಇಲ್ಲ. ಆಗ ಬಾಕಿ 1,200ರ ಆಸುಪಾಸು. ಅಕಸ್ಮಾತ್ ಕೌನ್ಸಿಲ್ ಹೇಳಿದ 11,000 ಎಂಬ ಬೆಲೆಯೇ ನಿಂತರೂ, ಮನೆ ಬಿಟ್ಟು ಈ 13 ವಾರದ ಲೆಕ್ಕ ಹಾಕಿದರೆ 10,800ರ ಆಸುಪಾಸಿಗೆ ಇಳಿಯುತ್ತದೆ. ಯಾವ ದಾರಿಯಲ್ಲಿ ಹೋದರೂ ಪತ್ರದಲ್ಲಿರುವ ಅಂಕಿ ತಪ್ಪು. ಇದು ಬರೀ ಕೌನ್ಸಿಲ್ ನಿಮಗೆ ಮಾಡುವ ಉಪಕಾರವಲ್ಲ, ಮಾಡಲೇಬೇಕಾದ ಲೆಕ್ಕ. ಇದರ ಜೊತೆಗೇ ಇರುವ ಇನ್ನೊಂದು ನಿಯಮದ ಪ್ರಕಾರ, ನಿಜ ಸಂಗತಿ ಮೊದಲೇ ಗೊತ್ತಿದ್ದಿದ್ದರೆ ನಿಮಗೆ ಸಲ್ಲುತ್ತಿದ್ದ ಬೆನಿಫಿಟ್ಟನ್ನು ಬಾಕಿಯಿಂದ ಕಳೆಯಬೇಕು. ಎರಡನ್ನೂ ಹೆಸರಿಸಿ ಕೇಳಿ. ಕೇಳದಿದ್ದರೆ ಅವರ ಕಂಪ್ಯೂಟರು ಮೊದಲ ದಿನದಿಂದ ಕೊನೆಯ ದಿನದವರೆಗೆ ಸೊನ್ನೆ ಹಾಕಿ ಕೂಡಿಸಿಬಿಡುತ್ತದೆ.

‘ಅರ್ಜಿಯಲ್ಲೇ ಬರೆದಿದ್ದೆ’ ಎಂದಿದ್ದೀರಲ್ಲ, ಅದನ್ನು ಬಿಡಬೇಡಿ. ಕೌನ್ಸಿಲ್‌ನ ತಪ್ಪಿನಿಂದ ಓವರ್‌ಪೇಮೆಂಟ್ ಆದರೆ ಕಟ್ಟಬೇಕಿಲ್ಲ ಎಂದು ಜನ ತಿಳಿದಿದ್ದಾರೆ. ಅದು ಅರ್ಧ ನಿಜ. ತಪ್ಪು ಅವರದಾಗಿರಬೇಕು, ಅದರಲ್ಲಿ ನಿಮ್ಮ ಕೈ ಇರಬಾರದು, ಮತ್ತು ಹಣ ಪಡೆಯುವಾಗ ಇದು ಹೆಚ್ಚಾಯಿತು ಎಂದು ನಿಮಗೆ ಅರಿವಾಗಬೇಕಿತ್ತು ಎನ್ನುವಂತೆ ಇರಬಾರದು. ಮೂರೂ ಬೇಕು. ತೋಟ, ಮನೆ ಇದೆ ಎಂದು ನೀವು ಬರೆದ ಮೇಲೆ ವಿವರ ಕೇಳುವುದು ಅವರ ಕೆಲಸವಾಗಿತ್ತು. ಎಫ್‌ಡಿ ಮತ್ತು ಉಳಿತಾಯ ಸೇರಿದರೆ 15,200, ಮಿತಿಯ ಒಳಗೇ. ನಿಮ್ಮನ್ನು 16,000 ದಾಟಿಸುವುದು ನೀವು ಮೊದಲೇ ತಿಳಿಸಿದ್ದ ತೋಟ. ಹಾಗಿರುವಾಗ ಬೆನಿಫಿಟ್ ಪೂರ್ತಿ ಹೋದದ್ದಕ್ಕೆ ಕಾರಣ ಕೌನ್ಸಿಲ್‌ನ ತಪ್ಪೇ ಎಂದು ವಾದಿಸಬಹುದು. ಗೆದ್ದೇ ಗೆಲ್ಲುತ್ತದೆ ಎನ್ನಲಾರೆ, ಎಫ್‌ಡಿ ಮುಚ್ಚಿಟ್ಟದ್ದನ್ನು ಅವರು ಎತ್ತಿ ತೋರಿಸುತ್ತಾರೆ. ಆದರೂ ಇಡಬೇಕಾದ ವಾದ.

ಅದಕ್ಕೆ ಅವರು ಕೊಡುವ ಉತ್ತರ ನನಗೆ ಬಾಯಿಪಾಠ: ‘ಪ್ರತಿ ವರ್ಷ ಕಳಿಸಿದ ಪತ್ರದಲ್ಲಿ ನಿಮ್ಮ ಆಸ್ತಿ 3,800 ಎಂದು ನಮೂದಿಸಿದ್ದೆವು, ನೋಡಿದ್ದರೆ ಗೊತ್ತಾಗುತ್ತಿತ್ತು.’ ಇಲ್ಲಿ ನೋಡುವುದು ನಿಮ್ಮಂಥವರು, ಅಂದರೆ ನಿಮ್ಮ ಇಂಗ್ಲಿಷು, ನಿಮ್ಮ ವಯಸ್ಸು, ನಿಮ್ಮ ತಿಳಿವಳಿಕೆ ಇರುವವರು ಅದನ್ನು ಓದಿ ‘ಇದು ಹೆಚ್ಚು ಹಣ’ ಎಂದು ಅರಿಯಬಹುದಿತ್ತೇ ಎಂದು. ಇರಬಹುದೇನೋ ಎಂಬ ಅನುಮಾನ ಬರಬಹುದಿತ್ತು ಎಂದರೆ ಸಾಲದು. ಒಟ್ಟು ಕುಟುಂಬದ ತೋಟದ ಪಾಲಿಗೆ ಬೆಲೆಯೇ ಇಲ್ಲ ಎಂದು ಕೌನ್ಸಿಲ್ ಒಪ್ಪಿದೆ ಎಂದು ನೀವು ತಿಳಿದದ್ದು ಅಸಹಜವೇನಲ್ಲ. ಆ ಅರ್ಜಿಯ ಪ್ರತಿ ನಿಮ್ಮ ಹತ್ತಿರ ಇಲ್ಲದಿದ್ದರೆ, ನನ್ನ ಕಡತದ ಪೂರ್ತಿ ನಕಲು ಕೊಡಿ ಎಂದು ಕೌನ್ಸಿಲ್‌ನ ಡೇಟಾ ಪ್ರೊಟೆಕ್ಷನ್ ವಿಭಾಗಕ್ಕೆ ಬರೆಯಿರಿ. ಹಣ ಕೊಡಬೇಕಿಲ್ಲ, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕೊಡಬೇಕು.

ಅಣ್ಣನ ಹೆಸರಿಗೆ ಬರೆದುಕೊಡಿ ಎಂದವರ ಮಾತು ಎಲ್ಲಕ್ಕಿಂತ ಅಪಾಯದ್ದು. ಇವತ್ತು ಹಕ್ಕು ಖುಲಾಸೆ ಮಾಡಿಕೊಟ್ಟರೆ ಹಿಂದಿನ ಮೂರು ವರ್ಷದ ಲೆಕ್ಕ ಒಂದು ಪೆನ್ನಿಯೂ ಬದಲಾಗುವುದಿಲ್ಲ. ಬದಲಿಗೆ ಬೆನಿಫಿಟ್ ಪಡೆಯಲೆಂದೇ ಆಸ್ತಿ ಬಿಟ್ಟುಕೊಟ್ಟಿರಿ ಎಂದು ಹಿಡಿದು, ನಿಮ್ಮ ಹತ್ತಿರ ಇಲ್ಲದ ತೋಟವನ್ನು ಇದ್ದಂತೆಯೇ ಎಣಿಸುತ್ತಾರೆ. ಊರಿನ ಪಾಲೂ ಹೋಯಿತು, ಇಲ್ಲಿನ ಬೆನಿಫಿಟ್ಟೂ ಹೋಯಿತು. ಎಫ್‌ಡಿ ಮುರಿದು ತಂಗಿಗೆ ಕಳಿಸಿದರೂ ಇದೇ ಗತಿ. ಅದೇ ಎಫ್‌ಡಿಯಿಂದ ನಿಮ್ಮ ನಿಜವಾದ ಸಾಲ ತೀರಿಸಿದರೆ, ಈ ಓವರ್‌ಪೇಮೆಂಟ್ ಬಾಕಿ ಕಟ್ಟಿದ್ದೂ ಸೇರಿ, ತಕರಾರಿಲ್ಲ. ಪಿಂಚಣಿ ವಯಸ್ಸಿನವರ ನಿಯಮದಲ್ಲೇ ಅದಕ್ಕೆ ಅವಕಾಶ ಇದೆ. ಲೆಕ್ಕ ಇತ್ಯರ್ಥ ಆಗುವ ತನಕ ಮಾತ್ರ ಮುಟ್ಟಬೇಡಿ.

ಅಪೀಲಿನಲ್ಲಿ ಅಪಾಯ ಇಲ್ಲವೇ? ಇದೆ, ಚಿಕ್ಕದು. ಟ್ರಿಬ್ಯೂನಲ್ ಇಡೀ ನಿರ್ಧಾರವನ್ನು ಹೊಸದಾಗಿ ನೋಡಬಹುದು, ನಿಮಗೆ ವಿರುದ್ಧವಾಗಿಯೂ ತೀರ್ಮಾನಿಸಬಹುದು. ಹೇಳದೆ ಉಳಿದ ಇನ್ನೊಂದು ಖಾತೆ ಇದ್ದರೆ ಈಗಲೇ ಸಲಹೆಗಾರರ ಹತ್ತಿರ ಹೇಳಿಬಿಡಿ. ಖರ್ಚು ಇಲ್ಲ, ಸೋತರೆ ಎದುರಿನವರ ಖರ್ಚು ಕೊಡಬೇಕಾಗುವುದೂ ಇಲ್ಲ. ಸಾಮಾನ್ಯವಾಗಿ ಒಬ್ಬ ನ್ಯಾಯಾಧೀಶರು, ಒಂದು ಮೇಜು, ಕೌನ್ಸಿಲ್‌ನಿಂದ ಒಬ್ಬರು ಬಂದರೆ ಬಂದರು. ಕನ್ನಡ ದುಭಾಷಿ ಬೇಕೆಂದು ಮೊದಲೇ ಬರೆದರೆ ಅವರೇ ಏರ್ಪಾಡು ಮಾಡುತ್ತಾರೆ, ಮೊಮ್ಮಕ್ಕಳನ್ನು ಕರೆದೊಯ್ಯುವುದು ಬೇಡ. ಅಪೀಲನ್ನು ಮುಂದಕ್ಕೆ ಕಳಿಸದೆ ತಿಂಗಳುಗಟ್ಟಲೆ ಕಡತದಲ್ಲಿ ಇಟ್ಟುಕೊಳ್ಳುವ ಚಾಳಿ ಕೆಲವು ಕೌನ್ಸಿಲ್‌ಗಳಿಗಿದೆ. ಹಾಗಾದರೆ ಟ್ರಿಬ್ಯೂನಲ್‌ಗೇ ಬರೆದು, ಕಳಿಸುವಂತೆ ಸೂಚನೆ ಕೊಡಿ ಎಂದು ಕೇಳಬಹುದು. ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್, ಏಜ್ ಯುಕೆ, ಹತ್ತಿರದಲ್ಲಿ ಲಾ ಸೆಂಟರ್ ಇದ್ದರೆ ಅದು, ಇವರಲ್ಲಿ ಯಾರಾದರೂ ಜೊತೆಗಿದ್ದರೆ ಒಳ್ಳೆಯದು.

ಅಷ್ಟರೊಳಗೆ ವಸೂಲಿಗೆ ಶುರುಮಾಡಿದರೆ? ಅಪೀಲು ಇತ್ಯರ್ಥವಾಗುವ ತನಕ ನಿಲ್ಲಿಸಿ ಎಂದು ಬರವಣಿಗೆಯಲ್ಲಿ ಕೇಳಿ. ನಿಲ್ಲಿಸಲೇಬೇಕೆಂಬ ಕಟ್ಟುಪಾಡಿಲ್ಲ, ಆದರೂ ಕೇಳಿದರೆ ಸಾಮಾನ್ಯವಾಗಿ ತಡೆಯುತ್ತಾರೆ. ಕೊನೆಗೆ ಬಾಕಿ ಎಷ್ಟೇ ನಿಂತರೂ ಒಂದೇ ಗಂಟಿನಲ್ಲಿ ಕಟ್ಟಬೇಕಿಲ್ಲ. ಮುಂದಿನ ಬೆನಿಫಿಟ್‌ನಿಂದ ವಾರ ವಾರ ಹಿಡಿಯುತ್ತಾರೆ, ಅದಕ್ಕೊಂದು ಮೇಲ್ಮಿತಿ ಇದೆ. ಬೆನಿಫಿಟ್ ನಿಂತುಹೋಗಿದ್ದರೆ ಸ್ಟೇಟ್ ಪೆನ್ಷನ್‌ನಿಂದಲೂ ಹಿಡಿಸಬಹುದು. ಖರ್ಚುವೆಚ್ಚದ ಪಟ್ಟಿ ಕೊಟ್ಟು ಕಡಿಮೆ ಮಾಡಿಸಿಕೊಳ್ಳಲು ಸಾಧ್ಯ. ವಾರಕ್ಕೆ ಎಷ್ಟು ಹಿಡಿಯಬೇಕು ಎಂಬುದಕ್ಕೆ ಅಪೀಲು ಬರುವುದಿಲ್ಲ, ಅದು ಕೌನ್ಸಿಲ್‌ನ ವಿವೇಚನೆ, ಅಲ್ಲಿ ಕೇಳಿಕೊಳ್ಳುವುದೇ ದಾರಿ.

‘ಇಂಟರ್‌ವ್ಯೂ ಅಂಡರ್ ಕಾಷನ್’ಗೆ ಬನ್ನಿ ಎಂಬ ಪತ್ರ ಬಂದರೆ ಅದು ಬೇರೆಯೇ ವಿಷಯ, ವಂಚನೆಯ ತನಿಖೆ. ವಕೀಲರಿಲ್ಲದೆ ಹೋಗಬೇಡಿ. ಮೊಕದ್ದಮೆ ಬದಲು ದಂಡ ಕಟ್ಟಿ ಮುಗಿಸಿ ಎಂದು ಹೇಳಿದರೆ, ಅದು ಓವರ್‌ಪೇಮೆಂಟ್‌ನ ಅರ್ಧದಷ್ಟು, ಕನಿಷ್ಠ 350, ಗರಿಷ್ಠ 5,000 ಪೌಂಡ್. ಬಾಕಿಯ ಅಂಕಿ ಸರಿಪಡಿಸದೆ ಅದಕ್ಕೆ ಸಹಿ ಹಾಕಿದರೆ 15,600ರ ಅರ್ಧದ ಲೆಕ್ಕದಲ್ಲಿ ಗರಿಷ್ಠ ದಂಡವೇ ಬೀಳುತ್ತದೆ. ನಿಮಗೆ ಇಂಥ ಪತ್ರ ಬಂದಿಲ್ಲ, ಬರುತ್ತದೆ ಎಂದೂ ಅಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು: ಪೆನ್ಷನ್ ಕ್ರೆಡಿಟ್‌ನ ಗ್ಯಾರಂಟಿ ಭಾಗ ಪಡೆಯುತ್ತಿರುವವರಿಗೆ ಹೌಸಿಂಗ್ ಬೆನಿಫಿಟ್‌ನಲ್ಲಿ ಈ 16,000ದ ಮಿತಿಯೇ ಇಲ್ಲ. ಈ ಲೆಕ್ಕವನ್ನು ನಿಮಗೆ ಹಚ್ಚಿಕೊಳ್ಳಬೇಡಿ.

ಅಮ್ಮಾ, ನಿಮಗೆ ಇನ್ನೊಂದು ಲಕೋಟೆ ಬಂದಿರಬೇಕು, ಇಲ್ಲವೇ ಬರುತ್ತದೆ, ಕೌನ್ಸಿಲ್ ಟ್ಯಾಕ್ಸ್ ಬಿಲ್ಲಿನದು. ಹೌಸಿಂಗ್ ಬೆನಿಫಿಟ್ ತೆಗೆದಾಗ ಅದೇ ಆಸ್ತಿಯ ಲೆಕ್ಕ ಹಿಡಿದು ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿಯನ್ನೂ ತೆಗೆಯುತ್ತಾರೆ. ಅದರ ದಾರಿ ಬೇರೆ: ಮೊದಲು ಕೌನ್ಸಿಲ್‌ಗೆ ಬರೆದು ಎರಡು ತಿಂಗಳು ಕಾಯಬೇಕು, ಒಪ್ಪದಿದ್ದರೆ ಅಥವಾ ಉತ್ತರವೇ ಬರದಿದ್ದರೆ ಮುಂದಿನ ಎರಡು ತಿಂಗಳೊಳಗೆ ವ್ಯಾಲ್ಯುಯೇಷನ್ ಟ್ರಿಬ್ಯೂನಲ್‌ಗೆ ಹೋಗಬೇಕು. ಹೌಸಿಂಗ್ ಬೆನಿಫಿಟ್ ಅಪೀಲು ಗೆದ್ದರೆ ಇದು ತಾನೇ ಸರಿಹೋಗುತ್ತದೆ ಎಂದು ಕೂರಬೇಡಿ. ಅದೇ ಒಂದು ಪುಟವನ್ನು ಇನ್ನೊಂದು ಪ್ರತಿ ಮಾಡಿ, ಮೇಲೆ ಕೌನ್ಸಿಲ್ ಟ್ಯಾಕ್ಸ್ ರೆಫರೆನ್ಸ್ ನಂಬರ್ ಬರೆದು, ಎರಡನ್ನೂ ನಾಳೆ ಬೆಳಿಗ್ಗೆ ಕೌನ್ಸಿಲ್ ಕಚೇರಿಗೆ ಕೊಂಡೊಯ್ದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖಿನ ಸೀಲು ಹಾಕಿಸಿಕೊಂಡು ಬನ್ನಿ.